ಒಡೆಯನ ಕಣ್ಣಿಗೊಂದು ಎಲ್ಲೆ

ಮನುಷ್ಯನು ಮನೆಯನ್ನು ಕಟ್ಟಿದಾಗಲೇ ಅದಕ್ಕೊಂದು ಬಾಗಿಲನ್ನೂ ಇಟ್ಟನು. ಬಾಗಿಲಿರುವುದು ಕಳ್ಳನನ್ನು ತಡೆಯುವುದಕ್ಕೆ ಮಾತ್ರವಲ್ಲ. ಉಣ್ಣುವಾಗ, ಕಾಯಿಲೆಯಿಂದ ಮಲಗಿದಾಗ, ಗಂಡಹೆಂಡಿರು ಕಷ್ಟಸುಖವನ್ನು ಮಾತಾಡಿಕೊಳ್ಳುವಾಗ, ಅಗಲಿದವರನ್ನು ನೆನೆದು ಅಳುವಾಗ ಪರರ ಕಣ್ಣು ತಮ್ಮ ಮೇಲೆ ಇರಬಾರದೆಂಬುದು ಎಲ್ಲರ ಬಯಕೆ. ಮರದ ಕದವನ್ನು ಕೊಳ್ಳಲಾರದ ಬಡವನೂ ತನ್ನ ಗುಡಿಸಲಿಗೆ ಒಂದು ತಟ್ಟಿಯನ್ನಾದರೂ ಕಟ್ಟಿಕೊಳ್ಳುತ್ತಾನೆ. ಮುಚ್ಚಿಡಬೇಕಾದ ತಪ್ಪೊಂದನ್ನೂ ಮಾಡದವನು ಸಹ ರಾತ್ರಿ ಬಾಗಿಲನ್ನು ಹಾಕಿಕೊಂಡೇ ಮಲಗುತ್ತಾನೆ. ಈ ಬಯಕೆಯನ್ನು ಇಂದು ನಾವು ಖಾಸಗಿತನವೆಂದು ಕರೆಯುತ್ತೇವೆ. ಹೆಸರು ಹೊಸದು, ಬಯಕೆ ಹಳೆಯದು.

ದುಡಿಯುವವನಿಗೆ ಇದರ ಜೊತೆಗೆ ಒಂದು ಹೊಣೆಯೂ ಉಂಟು. ಕೂಲಿಯನ್ನೋ ಸಂಬಳವನ್ನೋ ಪಡೆಯುವವನು ಅದಕ್ಕೆ ತಕ್ಕ ಕೆಲಸವನ್ನು ಮಾಡಿ ತೋರಿಸಬೇಕು. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದುದರಿಂದ ಕೆಲಸ ಕೊಟ್ಟವನು ಕೆಲಸವನ್ನು ನೋಡಬಯಸಿದರೆ ಅದು ಅನ್ಯಾಯವಲ್ಲ. ಆದರೆ ಕೆಲಸವನ್ನು ನೋಡುವುದು ಬೇರೆ, ಕೆಲಸಗಾರನ ಬಾಳನ್ನೇ ನೋಡುವುದು ಬೇರೆ. ಇವೆರಡರ ನಡುವಣ ಎಲ್ಲೆಯನ್ನು ನಮ್ಮ ನಾಡಿನ ಹಳೆಯ ವ್ಯವಸ್ಥೆಯೊಂದರಿಂದ ತಿಳಿಯಬಹುದು. ಬಳ್ಳಾರಿ ಸೀಮೆಯು 1953ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಆಗ ಊರಿನ ಜಮೀನು, ಬೆಳೆ, ಕಂದಾಯಗಳ ಲೆಕ್ಕವನ್ನು ಬರೆಯುವವನು ಕರಣಂ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತಿತ್ತು. ಮೇಲಧಿಕಾರಿಗಳು ದಫ್ತರವನ್ನು ತರಿಸಿ, ಲೆಕ್ಕವನ್ನು ತಾಳೆ ನೋಡುತ್ತಿದ್ದರು. ಅವರು ನೋಡುತ್ತಿದ್ದುದು ದಫ್ತರವನ್ನು. ಕರಣಮನ ಮನೆಯೊಳಗಿನ ಪೆಟ್ಟಿಗೆಯಲ್ಲಿ ಏನಿದೆಯೆಂದು ನೋಡುವುದು ಜಮಾಬಂದಿಯ ಕೆಲಸವಾಗಿರಲಿಲ್ಲ. ದಫ್ತರ ಒಂದು ಕಡೆ, ಪೆಟ್ಟಿಗೆ ಒಂದು ಕಡೆ ಇದ್ದುದರಿಂದ ಎಲ್ಲೆಯೂ ತಾನಾಗಿಯೇ ಇತ್ತು.

ಈಗ ಕಾಲ ಬದಲಾಗಿದೆ. ದಫ್ತರವೂ ಪೆಟ್ಟಿಗೆಯೂ ಅಂಗೈಯಗಲದ ಒಂದೇ ವಸ್ತುವಿನೊಳಗೆ ಬಂದು ಕುಳಿತಿವೆ. ಆ ವಸ್ತುವೇ ಮೊಬೈಲ್ ಫೋನು. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂತಹ ಊರನ್ನು ತೆಗೆದುಕೊಳ್ಳಿ. ಬಂಡೆ ರಂಗನಾಥಸ್ವಾಮಿಯ ಗುಡಿಯಿಂದ ಹೆಸರಾದ ಊರು ಅದು; ತುಂಗಭದ್ರಾ ಜಲಾಶಯದ ಹಿನ್ನೀರು ಅಲ್ಲಿಂದ ದೂರವಿಲ್ಲ. ಅದು ಹೋಬಳಿಯ ಕೇಂದ್ರವೂ ಹೌದು. ಇಂತಹ ಊರಿನಲ್ಲಿ ಇಂದು ಸರಕಾರದ ಕೆಲಸ ನಡೆಯುವುದು ಬಹುಮಟ್ಟಿಗೆ ಫೋನಿನಲ್ಲಿ. ಗ್ರಾಮ ಆಡಳಿತಾಧಿಕಾರಿಯು ಜಮೀನಿನ ವಿವರವನ್ನು ಫೋನಿನಲ್ಲಿ ತುಂಬುತ್ತಾರೆ. ಅಂಗನವಾಡಿ ಕಾರ್ಯಕರ್ತೆಯು 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ಮಕ್ಕಳ ಎತ್ತರ, ತೂಕಗಳನ್ನು ದಾಖಲಿಸುತ್ತಾರೆ. ಸಾಲ ವಸೂಲಿಗೆ ಬರುವ ಸಂಸ್ಥೆಯ ಹುಡುಗನ ಕೈಯಲ್ಲಿಯೂ ಫೋನು, ಸಾಮಾನನ್ನು ಮನೆಗೆ ತಲಪಿಸುವವನ ಕೈಯಲ್ಲಿಯೂ ಫೋನು. ಕೆಲಸದ ಹೊತ್ತು ಮುಗಿದ ಮೇಲೆ ಅದೇ ಫೋನಿನಲ್ಲಿ ಮಗಳ ಮದುವೆಯ ಚಿತ್ರಗಳು, ವೈದ್ಯರು ಬರೆದುಕೊಟ್ಟ ಚೀಟಿ, ಬ್ಯಾಂಕಿನ ಲೆಕ್ಕ, ತಂಗಿಯು ಕಣ್ಣೀರಿಟ್ಟು ಹೇಳಿದ ಮಾತು ಎಲ್ಲವೂ ಇರುತ್ತವೆ.

ಕಚೇರಿಯು ಇಂತಹ ಫೋನಿನ ಮೇಲೆ ಎಷ್ಟರಮಟ್ಟಿಗೆ ಕಣ್ಣಿಡಬಲ್ಲದು ಎಂಬುದನ್ನು ತಿಳಿಯುವುದು ಅವಶ್ಯ. ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡಾಗ ಅದು ಕೆಲವು ಅನುಮತಿಗಳನ್ನು ಕೇಳುತ್ತದೆ: ಕ್ಯಾಮೆರಾವನ್ನು ಬಳಸಲೇ? ನೀವಿರುವ ಸ್ಥಳವನ್ನು ತಿಳಿಯಲೇ? ಹೆಸರು, ನಂಬರುಗಳ ಪಟ್ಟಿಯನ್ನು ಓದಲೇ? ಸ್ಥಳದ ಅನುಮತಿಯಲ್ಲಿಯೇ ಎರಡು ಬಗೆಯುಂಟು. ಆ್ಯಪ್ ಅನ್ನು ಬಳಸುತ್ತಿರುವಾಗ ಮಾತ್ರ ಎಂಬುದು ಒಂದು. ಯಾವಾಗಲೂ ಎಂಬುದು ಇನ್ನೊಂದು. ಎರಡನೆಯದಕ್ಕೆ ಒಪ್ಪಿದರೆ ನಡುರಾತ್ರಿಯಲ್ಲಿಯೂ ಫೋನು ಎಲ್ಲಿದೆಯೆಂಬುದನ್ನು ಆ್ಯಪ್ ತಿಳಿಯಬಲ್ಲದು. ಇದಕ್ಕಿಂತ ಮುಂದೆ ಹೋದ ತಂತ್ರಾಂಶಗಳೂ ಇವೆ. ಅವು ಇಡೀ ಫೋನನ್ನೇ ದೂರದಿಂದ ಆಳುವಂಥವು. ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು ಎಂಬುದನ್ನು ಕಚೇರಿಯೇ ಗೊತ್ತುಮಾಡಬಹುದು; ಫೋನು ಕಳೆದುಹೋದರೆ ಅದರೊಳಗಿನ ಎಲ್ಲವನ್ನೂ ದೂರದಿಂದಲೇ ಅಳಿಸಬಹುದು. ಕಚೇರಿಯ ಗುಟ್ಟುಗಳನ್ನು ಕಾಯುವುದಕ್ಕೆ ಇವು ಉಪಯುಕ್ತವಾದ ಸಾಧನಗಳೇ. ಆದರೆ ಕಾಯುವ ಬೇಲಿಯೇ ಎದ್ದು ಹೊಲವನ್ನು ಮೇಯತೊಡಗಿದರೆ ಗತಿಯೇನು?

ಹಳ್ಳಿಯ ಮಟ್ಟಿಗೆ ಈ ಪ್ರಶ್ನೆಯು ಇನ್ನಷ್ಟು ತೊಡಕಿನದು. ಪಟ್ಟಣದ ದೊಡ್ಡ ಸಂಸ್ಥೆಗಳ ನೌಕರರಲ್ಲಿ ಅನೇಕರಿಗೆ ಕೆಲಸಕ್ಕೊಂದು ಫೋನು, ಮನೆಗೊಂದು ಫೋನು ಇರುತ್ತದೆ. ಹಳ್ಳಿಯ ಅನೇಕ ಮನೆಗಳಲ್ಲಿ ಒಳ್ಳೆಯ ಫೋನು ಎಂದರೆ ಒಂದೇ. ತಾಯಿಯು ಬೆಳಿಗ್ಗೆ ಅದರಲ್ಲಿ ಹಾಜರಿ ಹಾಕುತ್ತಾಳೆ. ಸಂಜೆ ಮಗನು ಅದರಲ್ಲಿ ಪಾಠವನ್ನು ನೋಡುತ್ತಾನೆ. ರಾತ್ರಿ ಅಜ್ಜಿಯು ದೂರದೂರಿನ ಮಗಳೊಡನೆ ಮಾತಾಡುತ್ತಾಳೆ. ಆದುದರಿಂದ ಅಲ್ಲಿ ಕೆಲಸಗಾರಳ ಫೋನಿನ ಮೇಲೆ ಬಿದ್ದ ಕಣ್ಣು ಅವಳೊಬ್ಬಳ ಮೇಲೆ ಮಾತ್ರ ಬೀಳುವುದಿಲ್ಲ. ಇಡೀ ಮನೆಯ ಮೇಲೆ ಬೀಳುತ್ತದೆ. ಒಪ್ಪಿಗೆಯನ್ನು ಕೊಟ್ಟವಳು ಒಬ್ಬಳು, ಕಾಣಿಸಿಕೊಳ್ಳುವವರು ಐದಾರು ಮಂದಿ. ಆ ಐದಾರು ಮಂದಿಯಲ್ಲಿ ನೀವೂ ಒಬ್ಬರಾಗಿರಬಹುದು.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅಂಗನವಾಡಿ ಕಾರ್ಯಕರ್ತೆಯ ಫೋನಿನಲ್ಲಿ ಊರಿನ ಬಸುರಿಯರ, ಬಾಣಂತಿಯರ ವಿವರಗಳಿರುತ್ತವೆ. ಯಾರ ಮಗು ತೂಕದಲ್ಲಿ ಕಡಮೆ ಎಂಬುದೂ ಇರುತ್ತದೆ. ಅವೆಲ್ಲ ಪರರ ಮನೆಯ ಗುಟ್ಟುಗಳು. ಆಟಕ್ಕೆಂದು ಫೋನನ್ನು ತೆಗೆದುಕೊಂಡ ಮಗುವಿನ ಕೈಗೆ, ಸುಮ್ಮನೆ ಬೆರಳಾಡಿಸಿದ ನೆಂಟನ ಕಣ್ಣಿಗೆ ಅವು ಸಿಕ್ಕಬಾರದು. ಹಾಗಾಗಿ ಕೆಲಸವನ್ನೂ ಮನೆಯನ್ನೂ ಬೇರೆಬೇರೆಯಾಗಿ ಇಡುವುದು ಕೆಲಸಗಾರರ ಮೇಲಿನ ದಯೆಯಿಂದ ಮಾಡುವ ಉಪಕಾರವಲ್ಲ. ಅದು ಕಚೇರಿಗೂ ಬೇಕು, ಊರಿಗೂ ಬೇಕು. ಎರಡು ಹೊಲಗಳ ನಡುವಣ ಬದುವು ಎರಡು ಕಡೆಯವರನ್ನೂ ಕಾಯುತ್ತದೆ.

ಇವೆಲ್ಲ ಬರಿಯ ಊಹೆಯ ಮಾತುಗಳಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಹೂಡಿದರು. 17ಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕಾಗಿದೆ, ಅದಕ್ಕೆ ತಕ್ಕ ಮೊಬೈಲ್, ಲ್ಯಾಪ್‌ಟಾಪ್ ಮುಂತಾದ ಸೌಕರ್ಯಗಳಿಲ್ಲ ಎಂಬುದು ಅವರ ದೂರು. 2025ರ ಫೆಬ್ರವರಿಯಲ್ಲಿ ಅವರು ಮತ್ತೆ ಮುಷ್ಕರಕ್ಕಿಳಿದರು. ಅವರು ಮುಖ್ಯವಾಗಿ ಹೇಳಿದುದು ಕೆಲಸದ ಹೊರೆಯನ್ನು ಕುರಿತು. ಆದರೆ ಸ್ವಂತ ಫೋನಿಗೆ ಕಚೇರಿಯ ಆ್ಯಪ್‌ಗಳು ಒಂದೊಂದಾಗಿ ಬಂದು ಸೇರಿದಂತೆಲ್ಲ ಆ ಫೋನು ಯಾರದು ಎಂಬ ಪ್ರಶ್ನೆಯೂ ಹುಟ್ಟದಿರದು. ಹರಿಯಾಣದಲ್ಲಿ ಈ ಪ್ರಶ್ನೆಯು ನೇರವಾಗಿಯೇ ಎದ್ದಿತು. 2021ರಲ್ಲಿ ಅಲ್ಲಿಯ ಆಶಾ ಕಾರ್ಯಕರ್ತೆಯರಿಗೆ ಎಂ.ಡಿ.ಎಂ. 360 ಶೀಲ್ಡ್ ಎಂಬ ಆ್ಯಪ್ ಅನ್ನು ಹಾಕಿಕೊಳ್ಳುವಂತೆ ಸೂಚಿಸಲಾಯಿತು. ತಾವು ಎಲ್ಲಿದ್ದೇವೆ, ಏನು ಮಾಡುತ್ತಿದ್ದೇವೆ ಎಂಬುದರ ಮೇಲೆ ಇದು ಕಣ್ಣಿಡುತ್ತದೆಯೆಂದು ಹೇಳಿ ಅವರು ಪ್ರತಿಭಟಿಸಿದರು. ನಾಗಪುರ, ಪಂಚಕುಲ, ಚಂಡೀಗಢಗಳಲ್ಲಿ ಪೌರಕಾರ್ಮಿಕರ ಕೈಗೆ ಅವರ ಚಲನವಲನಗಳನ್ನು ತಿಳಿಸುವ ಗಡಿಯಾರಗಳನ್ನು ಕಟ್ಟಲಾಯಿತು. ಶೌಚಕ್ಕೆ ಹೋಗುವಾಗಲೂ ಕೈಯಲ್ಲಿರುವ ಆ ಯಂತ್ರವನ್ನು ಕಂಡು ಹೆಂಗಸರು ಅಂಜಿದರು. ಊರಿನ ಕಸವನ್ನು ಗುಡಿಸುವ ತಾಯಿಗೆ ಇಂತಹ ಅಂಜಿಕೆಯನ್ನು ಉಂಟುಮಾಡುವುದು ಯಾವ ನ್ಯಾಯ?

ಇದಕ್ಕೆ ಎದುರಾಗಿ ಹೇಳುವವರ ಮಾತನ್ನೂ ನಾವು ಸಾವಧಾನದಿಂದ ಕೇಳಬೇಕು. “ಸುಳ್ಳು ಹಾಜರಿಯನ್ನು ಹಾಕಿ ಹಣವನ್ನು ಎತ್ತುವವರಿಲ್ಲವೆ? ಕೆಲಸಕ್ಕೆ ಹೋಗದೆ ಹೋದಂತೆ ಬರೆಯುವವರಿಲ್ಲವೆ? ಹಣವು ಜನರದು, ಅದಕ್ಕೆ ಲೆಕ್ಕ ಬೇಡವೆ?” ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಬಡವರ ಹೆಸರಿನಲ್ಲಿ ಬಂದ ಹಣವು ಬಡವರಿಗೆ ಸೇರದಿದ್ದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಲೆಕ್ಕ ಬೇಕೇ ಬೇಕು. ಆದರೆ ಕಣ್ಣು ಹೆಚ್ಚಿದಷ್ಟೂ ಪ್ರಾಮಾಣಿಕತೆಯು ಹೆಚ್ಚುತ್ತದೆಯೇ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಉತ್ತರವನ್ನು ನಮ್ಮ ಹಳ್ಳಿಗಳೇ ಕೊಟ್ಟಿವೆ.

ಉದ್ಯೋಗ ಖಾತರಿ ಯೋಜನೆಯ ಕೆಲಸಗಳಿಗಾಗಿ ಕೇಂದ್ರ ಸರಕಾರವು 2021ರ ಮೇ ತಿಂಗಳಲ್ಲಿ ಎನ್.ಎಂ.ಎಂ.ಎಸ್. ಎಂಬ ಆ್ಯಪ್ ಅನ್ನು ತಂದಿತು. 2023ರ ಜನವರಿ 1ರಿಂದ ಅದನ್ನು ಕಡ್ಡಾಯ ಮಾಡಲಾಯಿತು. ಕರ್ನಾಟಕದಲ್ಲಿ ಕಾಯಕ ಬಂಧು ಎಂದು ಕರೆಯುವ ಮೇಟಿಯು ತನ್ನ ಫೋನಿನಿಂದ ದಿನಕ್ಕೆ ಎರಡು ಸಲ ಕೂಲಿಯವರ ಚಿತ್ರವನ್ನು ತೆಗೆದು, ಸ್ಥಳದ ಗುರುತಿನೊಡನೆ ಕಳುಹಿಸಬೇಕಾಯಿತು. ಕೆರೆಯ ಹೂಳನ್ನು ಹೊತ್ತು ಬೆವರಿದ ಹೆಣ್ಣುಮಕ್ಕಳ ಮುಖಗಳು ಸಾರ್ವಜನಿಕ ಜಾಲತಾಣವನ್ನು ಸೇರಿದುವು. ಲೋಕದ ಯಾವ ಮೂಲೆಯಲ್ಲಿದ್ದವನೂ ಅವನ್ನು ನೋಡಬಹುದಾಗಿತ್ತು. ಇಷ್ಟೆಲ್ಲ ಆದ ಮೇಲಾದರೂ ಮೋಸವು ನಿಂತಿತೆ? ಇಲ್ಲ. ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳನ್ನು ಕಳುಹಿಸಲಾಗುತ್ತಿದೆ, ಚಿತ್ರದ ಚಿತ್ರವನ್ನೇ ತೆಗೆದು ಹಾಕಲಾಗುತ್ತಿದೆ ಎಂದು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಹೇಳಿತು. ಕೊನೆಗೆ ಆ ಚಿತ್ರಗಳನ್ನು ಪಂಚಾಯಿತಿಯ ಸಿಬ್ಬಂದಿಯು ಒಂದೊಂದಾಗಿ ಪರೀಕ್ಷಿಸಬೇಕೆಂದು ಆಜ್ಞೆಯಾಯಿತು. ಉದ್ಯೋಗ ಖಾತರಿಯ ಹಳೆಯ ಕಾಯಿದೆಯ ಸ್ಥಾನಕ್ಕೆ ಹೊಸದೊಂದನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಕಾಯಿದೆಯು ಬದಲಾಗಬಹುದು, ಆದರೆ ಈ ಅನುಭವವು ಕಲಿಸಿದ ಪಾಠವು ಬದಲಾಗುವುದಿಲ್ಲ. ಮೋಸ ಮಾಡುವವನು ಯಂತ್ರದ ಕಣ್ಣಿಗೂ ಮಣ್ಣೆರಚುತ್ತಾನೆ. ಮೋಸವನ್ನರಿಯದವಳ ಮುಖವು ಮಾತ್ರ ಬಯಲಿಗೆ ಬೀಳುತ್ತದೆ. ಕೆರೆಯಿಂದ ಎಷ್ಟು ಮಣ್ಣು ಎತ್ತಿದೆ ಎಂಬುದನ್ನು ಅಳತೆ ಮಾಡುವುದಕ್ಕೆ ಹೆಂಗಸಿನ ಮುಖವನ್ನು ಲೋಕಕ್ಕೆ ತೋರಿಸಬೇಕಾಗಿಲ್ಲ. ಎತ್ತಿದ ಮಣ್ಣನ್ನು ಅಳೆದರೆ ಸಾಕು.

ಇಲ್ಲಿ ನಮ್ಮ ನಾಡಿನ ಹಿರಿಯರೊಬ್ಬರನ್ನು ನೆನೆಯಬೇಕು. ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದವರು. ಎಂಬತ್ತು ದಾಟಿದ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಖಾಸಗಿತನವು ಮೂಲಭೂತ ಹಕ್ಕು ಹೌದೋ ಅಲ್ಲವೋ ಎಂಬ ಪ್ರಶ್ನೆಯು ಆ ಮೊಕದ್ದಮೆಯಲ್ಲಿ ಎದ್ದಿತು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಹೌದೆಂದು ತೀರ್ಪಿತ್ತರು. ಸಂವಿಧಾನದ 21ನೆಯ ವಿಧಿಯು ಕೊಡುವ ಜೀವದ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನಲ್ಲಿ ಅದು ಅಡಗಿದೆಯೆಂದು ಸಾರಿದರು. ಸರಕಾರವು ಈ ಹಕ್ಕಿನೊಳಗೆ ಕೈ ಹಾಕಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು; ಉದ್ದೇಶವು ನ್ಯಾಯವಾದುದಾಗಿರಬೇಕು; ಕೈ ಹಾಕುವ ಪ್ರಮಾಣವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟರು ಎಂಬ ಗಾದೆಯನ್ನು ಬಲ್ಲವರಿಗೆ ಈ ಮೂರನೆಯ ಮಾತು ಸುಲಭವಾಗಿ ತಿಳಿಯುತ್ತದೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿನೊಡನೆ ಉಳಿದಿದೆ.

ತೀರ್ಪಿನ ಬಳಿಕ ಕಾಯಿದೆಯೂ ಬಂದಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆಯನ್ನು ಮಾಡಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದುವು. ಒಬ್ಬರ ಮಾಹಿತಿಯನ್ನು ಬಳಸಲು ಅವರ ಮುಕ್ತವಾದ, ತಿಳಿದು ಕೊಟ್ಟ ಒಪ್ಪಿಗೆ ಬೇಕೆಂಬುದು ಅದರ ಮುಖ್ಯ ನಿಯಮ. ಆದರೆ ಉದ್ಯೋಗದ ಉದ್ದೇಶಕ್ಕಾಗಿ ನೌಕರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆಯೂ ಬಳಸಬಹುದೆಂದು ಅದೇ ಕಾಯಿದೆಯು ಎಡೆಗೊಟ್ಟಿದೆ. ಈ ಎಡೆಯು ಎಷ್ಟು ಅಗಲವಾಗಿರಬೇಕು ಎಂಬುದೇ ಮುಂದಿನ ದಿನಗಳ ಚರ್ಚೆಯ ವಿಷಯವಾಗಲಿದೆ. ಒಪ್ಪಿಗೆಯನ್ನು ಕೇಳಿದರೂ ಅದು ನಿಜವಾದ ಒಪ್ಪಿಗೆಯೆ? ಒಲ್ಲೆನೆಂದರೆ ಕೂಲಿ ತಪ್ಪುವುದೆಂದು ತಿಳಿದವಳು ಹೂಂ ಎನ್ನದೆ ಇನ್ನೇನು ಮಾಡಿಯಾಳು? ಆದಕಾರಣ ಹೆಬ್ಬೆರಳನ್ನು ಒತ್ತಿಸಿಕೊಂಡ ಮಾತ್ರಕ್ಕೆ ಒಡೆಯನ ಹೊಣೆಯು ತೀರುವುದಿಲ್ಲ.

ಹೊರದೇಶದಲ್ಲಿಯೂ ಇದೇ ವಿಚಾರವು ನ್ಯಾಯಾಲಯದ ಮುಂದೆ ಬಂದಿದೆ. ರುಮೇನಿಯಾದ ಸಂಸ್ಥೆಯೊಂದು ಗಿರಾಕಿಗಳಿಗೆ ಉತ್ತರ ಬರೆಯುವುದಕ್ಕೆಂದು ತೆರೆಸಿದ್ದ ಖಾತೆಯಲ್ಲಿ ನೌಕರನೊಬ್ಬನು ತನ್ನ ಅಣ್ಣತಮ್ಮನಿಗೂ ತಾನು ಮದುವೆಯಾಗಲಿದ್ದ ಹುಡುಗಿಗೂ ಸಂದೇಶಗಳನ್ನು ಬರೆದಿದ್ದನು. ಸಂಸ್ಥೆಯು ಅವುಗಳನ್ನು ಓದಿ, 2007ರಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಿತು. ಮೊಕದ್ದಮೆಯು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. ಪುಟ್ಟಸ್ವಾಮಿಯವರ ಮೊಕದ್ದಮೆಯ ತೀರ್ಪು ಬಂದ ಹನ್ನೆರಡು ದಿನಗಳಿಗೆ, ಅಂದರೆ 2017ರ ಸೆಪ್ಟೆಂಬರ್ 5ರಂದು, ಆ ನ್ಯಾಯಾಲಯದ ಮಹಾಪೀಠವು ನೌಕರನ ಪರವಾಗಿ ತೀರ್ಪಿತ್ತಿತು. ನೋಡುವುದಾದರೆ ಮುಂಚಿತವಾಗಿ ತಿಳಿಸಬೇಕು. ಎಷ್ಟು ನೋಡುತ್ತೇವೆ, ಏಕೆ ನೋಡುತ್ತೇವೆ ಎಂಬುದಕ್ಕೆ ಕಾರಣವಿರಬೇಕು. ಕೆಲಸದ ಸ್ಥಳದಲ್ಲಿಯೂ ಮನುಷ್ಯನ ಖಾಸಗಿ ಬದುಕು ಸೊನ್ನೆಯಾಗುವುದಿಲ್ಲ ಎಂಬುದು ಅದರ ಸಾರ.

ಹಾಗಾದರೆ ಮಾಡಬೇಕಾದುದೇನು? ಕಚೇರಿಯು ಇಡೀ ಫೋನನ್ನು ಆಳಬಯಸುವುದಾದರೆ ಆ ಫೋನನ್ನು ಕಚೇರಿಯೇ ಕೊಡಲಿ. ಅದು ದಫ್ತರದಂತೆ ಕೆಲಸಕ್ಕೆ ಮಾತ್ರ ಮೀಸಲಾಗಿರಲಿ. ಕೆಲಸಗಾರರ ಸ್ವಂತ ಫೋನನ್ನೇ ಬಳಸಬೇಕಾದಲ್ಲಿ ಕೆಲಸದ ಭಾಗವನ್ನು ಬೇರೆಯಾಗಿಡಲಿ. ಇದು ಆಗದ ಮಾತಲ್ಲ. 2014ರಲ್ಲಿ ಹೊರಬಂದ ಆಂಡ್ರಾಯ್ಡ್ 5ರಿಂದಲೂ ಒಂದೇ ಫೋನಿನಲ್ಲಿ ಕೆಲಸಕ್ಕೆ ಪ್ರತ್ಯೇಕವಾದ ಪ್ರೊಫೈಲನ್ನು ಮಾಡುವ ಏರ್ಪಾಡಿದೆ. ಕೆಲಸದ ಆ್ಯಪ್‌ಗಳೂ ಕಡತಗಳೂ ಆ ಭಾಗದಲ್ಲಿರುತ್ತವೆ. ಕಚೇರಿಯು ಅದನ್ನು ಆಳಬಹುದು, ಬೇಕಾದರೆ ಅಳಿಸಲೂಬಹುದು. ಇನ್ನೊಂದು ಭಾಗದಲ್ಲಿರುವ ಮನೆಯ ಚಿತ್ರಗಳನ್ನೂ ಸಂದೇಶಗಳನ್ನೂ ನೋಡಲಾರದು. ಒಂದೇ ಮನೆಗೆ ನಡುಗೋಡೆಯನ್ನು ಕಟ್ಟಿದಂತೆ ಇದು. ಇದರ ಜೊತೆಗೆ, ಆ್ಯಪ್ ಏನನ್ನು ನೋಡುತ್ತದೆ, ಅದನ್ನು ಎಲ್ಲಿ ಇಡುತ್ತಾರೆ, ಎಂದು ಅಳಿಸುತ್ತಾರೆ ಎಂಬುದನ್ನು ಸರಳವಾದ ಕನ್ನಡದಲ್ಲಿ ಬರೆದು ಕೊಡಬೇಕು. ಕೆಲಸದ ಹೊತ್ತು ಮುಗಿದ ಕೂಡಲೇ ಸ್ಥಳವನ್ನು ತಿಳಿಯುವ ಅನುಮತಿಯೂ ಮುಗಿಯಬೇಕು. ದೂರು ಕೊಟ್ಟವರ ಕೂಲಿಗೆ ಕುತ್ತು ಬರಬಾರದು.

ಇಂತಹ ವಿವೇಕವು ಕಾನೂನಿನಲ್ಲಿ ಮೂಡತೊಡಗಿರುವುದು ಸಮಾಧಾನದ ಸಂಗತಿ. ಮಳೆಯು ಕೈಕೊಟ್ಟ ವರ್ಷ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿಗಳ ಕಡೆಯ ಜನ ಬೆಂಗಳೂರಿಗೆ ಗುಳೆ ಹೋಗುವುದುಂಟು. ಹಾಗೆ ಊರು ಬಿಟ್ಟು ಹೋದ ತರುಣನು ಬೈಕಿನ ಮೇಲೆ ಊಟದ ಪೊಟ್ಟಣವನ್ನು ಹೊತ್ತು ಮನೆಮನೆಗೆ ತಲಪಿಸುವ ಕೆಲಸಕ್ಕೆ ಸೇರಿದರೆ ಅವನ ಮೇಸ್ತ್ರಿಯೂ ಒಂದು ಆ್ಯಪ್ ಆಗಿರುತ್ತದೆ. ಅವನು ಎಲ್ಲಿ ನಿಂತನು, ಎಷ್ಟು ಹೊತ್ತು ನಿಂತನು ಎಂಬುದನ್ನು ಅದು ಎಣಿಸುತ್ತಿರುತ್ತದೆ. ಇಂತಹ ಕೆಲಸಗಾರರಿಗಾಗಿ ಕರ್ನಾಟಕವು 2025ರಲ್ಲಿ ಕಾಯಿದೆಯೊಂದನ್ನು ಮಾಡಿತು. ಯಂತ್ರವು ತಮ್ಮನ್ನು ಹೇಗೆ ಗಮನಿಸುತ್ತದೆ, ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು ತಿಳಿಯುವ ಹಕ್ಕನ್ನು ಅದು ಅವರಿಗೆ ಕೊಟ್ಟಿದೆ. ಕೊಟ್ಟ ಹಕ್ಕನ್ನು ಕೇಳಿ ಪಡೆಯುವವರಿದ್ದಾಗಲೇ ಅದು ಬಾಳುತ್ತದೆ.

ಇಂದಿನ ವಿದ್ಯಾರ್ಥಿಗಳಾದ ನೀವು ನಾಳೆಯ ಕೆಲಸಗಾರರು. ನಿಮ್ಮಲ್ಲಿ ಕೆಲವರು ನಾಳೆಯ ಅಧಿಕಾರಿಗಳೂ ಒಡೆಯರೂ ಆಗುವಿರಿ. ಕೆಲಸಗಾರರಾದಾಗ ಆ್ಯಪ್ ಕೇಳುವ ಅನುಮತಿಯನ್ನು ಓದದೆ ಒತ್ತಬೇಡಿ, ಏತಕ್ಕೆಂದು ಕೇಳಿರಿ. ಓದುಬರಹ ಬಾರದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಅದನ್ನು ಓದಿ ಹೇಳುವ ಕೆಲಸವನ್ನು ಇಂದಿನಿಂದಲೇ ಮಾಡಬಹುದು. ಒಡೆಯರಾದಾಗ, ನೋಡಲು ಸಾಧ್ಯವಿರುವುದನ್ನೆಲ್ಲ ನೋಡಲೇಬೇಕೆಂದಿಲ್ಲವೆಂಬುದನ್ನು ನೆನಪಿಡಿ. ಕೂಲಿಯು ಕೊಳ್ಳುವುದು ದಿನದ ಕೆಲವು ಗಂಟೆಗಳ ದುಡಿಮೆಯನ್ನು. ದುಡಿಯುವವರ ಮನೆಯನ್ನಲ್ಲ, ಮನಸ್ಸನ್ನಲ್ಲ. ದುಡಿಮೆಯ ಲೆಕ್ಕವನ್ನು ಕಟ್ಟುನಿಟ್ಟಾಗಿ ಕೇಳುತ್ತ, ದುಡಿದವರ ಬಾಗಿಲ ಮುಂದೆ ನಿಂತುಕೊಳ್ಳುವ ಸಂಯಮವನ್ನೂ ಕಲಿತ ಸಮಾಜವೇ ನಾಗರಿಕವಾದ ಸಮಾಜ.